ಬಾದಾಮಿ ಎಣ್ಣೆ: ಕೆನ್ನೆಗೆ ಹಿಡಿಸಿತು, ಹಣೆಗೆ ಹಿಡಿಸಲಿಲ್ಲ. ಈಗೇನು ಮಾಡಲಿ?

ಒಣಕೆನ್ನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬಂದು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳದೆ ಬೇರೆ ದಾರಿ ಇಲ್ಲ.

ನನಗೆ 34 ವರ್ಷ. ದಿನಕ್ಕೆ ಒಂಬತ್ತು ಗಂಟೆ ಎಸಿ ಕೋಣೆಯಲ್ಲಿ ಕೆಲಸ. ನನ್ನ ಕುರ್ಚಿಯ ನೆತ್ತಿಗೇ ಗಾಳಿ ಬರುವ ಕಿಂಡಿ ಇದೆ. ಸಂಜೆ ಹೊತ್ತಿಗೆ ಕೆನ್ನೆ ಎಷ್ಟು ಬಿಗಿದಿರುತ್ತದೆ ಅಂದರೆ, ನಕ್ಕರೆ ಚರ್ಮ ಹರಿದು ಹೋಗುತ್ತದೇನೋ ಅನ್ನಿಸುತ್ತದೆ. ಬಾಯಿಯ ಪಕ್ಕ ಬಿಳಿ ಹೊಟ್ಟು. ಆದರೆ ಹಣೆ, ಮೂಗು ಮಾತ್ರ ಮಧ್ಯಾಹ್ನಕ್ಕೇ ಮಿಣಮಿಣ. ಇರುವುದೊಂದೇ ಮುಖ, ಅದರಲ್ಲಿ ಎರಡು ಪಕ್ಷ.

ಜೊತೆಗೆ ಕೆಲಸ ಮಾಡುವವರೊಬ್ಬರು ಬಾದಾಮಿ ಎಣ್ಣೆ ಹಚ್ಚಿ ನೋಡು ಅಂದರು. ಹಚ್ಚಲು ಶುರುಮಾಡಿ ಐದು ವಾರ ಆಯಿತು. ರಾತ್ರಿ ಮುಖ ತೊಳೆಯುತ್ತೇನೆ. ಟವೆಲ್‌ನಲ್ಲಿ ಚೆನ್ನಾಗಿ ಒರೆಸಿಕೊಳ್ಳುತ್ತೇನೆ. ಅಂಗೈಗೆ ಹತ್ತು ಹನ್ನೆರಡು ಹನಿ ಹಾಕಿಕೊಂಡು ಇಡೀ ಮುಖಕ್ಕೆ ಉಜ್ಜಿ ಹಾಗೇ ಮಲಗುತ್ತೇನೆ. ಎರಡನೇ ವಾರಕ್ಕೇ ಕೆನ್ನೆಯ ಬಿಗಿತ ಹೋಯಿತು. ಎಷ್ಟು ಖುಷಿ ಆಯಿತು ಅಂದರೆ ಸುಮ್ಮಸುಮ್ಮನೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮೂರನೇ ವಾರದಲ್ಲಿ ಹಣೆಯ ಮೇಲೆ, ಕೂದಲಂಚಿಗೆ ಅಂಟಿದ ಹಾಗೆ, ಸಣ್ಣ ಸಣ್ಣ ಗುಳ್ಳೆ ಶುರುವಾದವು. ಕನ್ನಡಿಗೆ ಎದುರಾಗಿ ನಿಂತರೆ ಕಾಣುವುದಿಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಾಗ ಕಾಣುತ್ತವೆ. ಬೆರಳಾಡಿಸಿದರೆ ಮರಳು ಕಾಗದ ಮುಟ್ಟಿದ ಹಾಗೆ. ಈಗ ಎಣಿಸಲು ಆಗದಷ್ಟು ಇವೆ.

ಇದು ಪರ್ಜಿಂಗ್ ಅಂತಾರಲ್ಲ, ಒಳಗಿನ ಕೊಳೆ ಹೊರಬರುವುದು, ಅದೇನಾ? ಮುಂದುವರಿಸಲಾ, ನಿಲ್ಲಿಸಲಾ? ಕೆನ್ನೆ ಇಷ್ಟು ಚೆನ್ನಾಗಿರುವಾಗ ಬಿಡಲು ಮನಸ್ಸಿಲ್ಲ. ಇನ್ನೊಂದು ಮಾತು. ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ ಅಂತಲೂ ಹೇಳಿದ್ದರು. ಒಂಚೂರೂ ಹೋಗಿಲ್ಲ.

ಬೆಳ್ಳಿಗೆಜ್ಜೆ ಬರೆದದ್ದು:

ನಿಲ್ಲಿಸಬೇಡಿ! ಅದು ಪರ್ಜಿಂಗೇ. ನನಗೂ ಶುರುವಿನಲ್ಲಿ ಹಾಗೇ ಆಗಿತ್ತು. ಎರಡು ತಿಂಗಳು ಹಲ್ಲು ಕಚ್ಚಿ ಹಚ್ಚಿದೆ, ತಾನಾಗೇ ಹೋಯಿತು. ನೈಸರ್ಗಿಕ ಎಣ್ಣೆ ಅಲ್ವಾ, ಕೆಟ್ಟದ್ದು ಏನು ಮಾಡೀತು?

ಮೂರುಹನಿ ಬರೆದದ್ದು:

ಬೆಳ್ಳಿಗೆಜ್ಜೆ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಇದು ಪರ್ಜಿಂಗ್ ಅಲ್ಲ.

ಮೊಡವೆಗೆ ಹಚ್ಚುವ ರೆಟಿನಾಯ್ಡ್ ಕ್ರೀಮು, ಸ್ಯಾಲಿಸಿಲಿಕ್ ಆಸಿಡ್ ಥರದವು ಚರ್ಮದ ಮೇಲ್ಪದರ ಬೇಗ ಬೇಗ ಉದುರುವ ಹಾಗೆ ಮಾಡುತ್ತವೆ. ಅದರಿಂದ ಒಳಗೆ ಆಗಲೇ ಕಟ್ಟಿಕೊಂಡಿದ್ದ ಗುಳ್ಳೆ ಮುಂದಿನ ತಿಂಗಳು ಬರುವ ಬದಲು ಈ ವಾರವೇ ಎದ್ದು ಕೂರುತ್ತದೆ. ಪರ್ಜಿಂಗ್ ಅನ್ನುವುದು ಅದಕ್ಕೆ. ಎಣ್ಣೆಗೆ ಆ ಕೆಲಸ ಗೊತ್ತಿಲ್ಲ. ಹಿಂದೆಂದೂ ಗುಳ್ಳೆ ಬರದ ಜಾಗದಲ್ಲಿ ಎಣ್ಣೆ ಹಚ್ಚಿದ ಮೇಲೆ ಬಂದರೆ, ಕೊಳೆ ಹೊರಗೆ ಬರುತ್ತಿಲ್ಲ. ರಂಧ್ರ ಕಟ್ಟಿಕೊಳ್ಳುತ್ತಿದೆ.

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದಿಂದ ಮನೆಯಲ್ಲಿ ಸೋಪು ಮಾಡುತ್ತೇನೆ. ಹಾಗಾಗಿ ನನ್ನ ಕಪಾಟಿನಲ್ಲಿ ಬಟ್ಟೆಗಿಂತ ಎಣ್ಣೆ ಜಾಸ್ತಿ. ಮೊದಲ ವರ್ಷ ನೀವು ಮಾಡಿದ್ದನ್ನೇ ನಾನೂ ಮಾಡಿದ್ದೆ. ನಿಮ್ಮದು ಹನ್ನೆರಡು ಹನಿ, ನನ್ನದು ಅರ್ಧ ಚಮಚ. ಬೆಳಿಗ್ಗೆ ಎದ್ದರೆ ದಿಂಬಿನ ಕವರ್ ಮೇಲೆ ನನ್ನ ಮುಖದ ನಕ್ಷೆ ಬಿದ್ದಿರುತ್ತಿತ್ತು. ಈಗ ಮೂರು ಹನಿಗೆ ಇಳಿದಿದ್ದೇನೆ. ಇಲ್ಲಿ ಇಟ್ಟುಕೊಂಡ ಹೆಸರೂ ಅದೇ.

ನೀವು ಮಾಡುತ್ತಿರುವ ದೊಡ್ಡ ತಪ್ಪು ಹನಿಯ ಲೆಕ್ಕಕ್ಕಿಂತ ಟವೆಲ್‌ನಲ್ಲಿದೆ. ಎಣ್ಣೆಯಲ್ಲಿ ನೀರು ಇರುವುದಿಲ್ಲ. ಅದು ಚರ್ಮಕ್ಕೆ ನೀರು ಕೊಡುವುದೂ ಇಲ್ಲ. ಇರುವ ನೀರು ಆರಿ ಹೋಗದ ಹಾಗೆ ಮೇಲೊಂದು ಪದರ ಕಟ್ಟುತ್ತದೆ, ಒರಟನ್ನು ನಯ ಮಾಡುತ್ತದೆ. ನೀವು ಮುಖವನ್ನು ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ ಹಚ್ಚಿದರೆ ಖಾಲಿ ಮನೆಗೆ ಬೀಗ ಹಾಕಿದ ಹಾಗೆ. ಟವೆಲ್ಲನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಕೆನ್ನೆಗೆ ಬೆರಳಿಟ್ಟರೆ ತಣ್ಣಗೆ ತಗಲಬೇಕು, ಹನಿ ಮಾತ್ರ ಇಳಿಯಬಾರದು. ಆ ಹೊತ್ತಿಗೆ ಹಚ್ಚಬೇಕು. ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಇದ್ದರೆ ಮೊದಲು ಅದು, ಎಣ್ಣೆ ಆಮೇಲೆ.

ಹಚ್ಚುವುದು ಅಂದೆ, ಅದೂ ಸರಿಯಲ್ಲ. ಮೂರು ಹನಿಯನ್ನು ಎರಡೂ ಅಂಗೈಗೆ ಸವರಿಕೊಳ್ಳಿ. ಕೈ ಬೆಚ್ಚಗಾಗಲಿ. ಆಮೇಲೆ ಕೆನ್ನೆಯ ಮೇಲೆ ಅಂಗೈ ಒತ್ತಿ, ಎತ್ತಿ, ಮತ್ತೆ ಒತ್ತಿ. ಹತ್ತು ನಿಮಿಷ ಆದ ಮೇಲೆ ಮುಖಕ್ಕೆ ಟಿಶ್ಯೂ ಇಟ್ಟು ತೆಗೆದರೆ ಕಂಡೂ ಕಾಣದ ಹಾಗೆ ಒಂದು ಕಲೆ ಬೀಳಬೇಕು. ಟಿಶ್ಯೂ ಪಾರದರ್ಶಕ ಆಯಿತು ಅಂದರೆ ಜಾಸ್ತಿ ಆಗಿದೆ.

ಇನ್ನು ಹಣೆ. ಬಾದಾಮಿ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ, ಅಂದರೆ ಶೇಕಡಾ 60ರಿಂದ 70ರಷ್ಟು, ಓಲಿಯಿಕ್ ಆಮ್ಲ ಅನ್ನುವ ಕೊಬ್ಬಿನಂಶ ಇರುತ್ತದೆ. ಲಿನೋಲಿಯಿಕ್ ಆಮ್ಲ ಅನ್ನುವ ಇನ್ನೊಂದು ಕೊಬ್ಬಿನಂಶ ಶೇಕಡಾ 20ರಿಂದ 30. ಓಲಿಯಿಕ್ ಜಾಸ್ತಿ ಇರುವ ಎಣ್ಣೆ ಭಾರ. ಒಣ ಚರ್ಮದವರು ಬಹಳ ಜನ ಮೆಚ್ಚುತ್ತಾರೆ. ಆದರೆ ಅದೇ ಓಲಿಯಿಕ್ ಚರ್ಮದ ಮೇಲ್ಪದರದ ಅಂಟನ್ನು ಸ್ವಲ್ಪ ಸಡಿಲ ಮಾಡುತ್ತದೆ. ಚರ್ಮ ತನ್ನ ಗೋಡೆ ಕಟ್ಟಿಕೊಳ್ಳಲು ಬಳಸುವುದು ಲಿನೋಲಿಯಿಕ್ಕನ್ನು. ಮೊಡವೆ ಬರುವ ಚರ್ಮದ ಜಿಡ್ಡಿನಲ್ಲಿ ಈ ಲಿನೋಲಿಯಿಕ್ ಕಡಿಮೆ ಇರುತ್ತದೆ ಅಂತ ಆಗಲೇ ಗೊತ್ತಾಗಿದೆ. ಆಗಲೇ ಜಿಡ್ಡಾಗಿರುವ ಹಣೆಗೆ ಇನ್ನಷ್ಟು ಓಲಿಯಿಕ್ ಸುರಿಯುವುದು ಯಾಕೆ? ಮುಖದ ಎಲ್ಲ ಕಡೆಗೂ ಒಂದೇ ಸಮ ಹಚ್ಚಬೇಕು ಅಂತ ಏನಿಲ್ಲ. ಕೆನ್ನೆ ಕೇಳುತ್ತಿದೆ, ಕೊಡಿ. ಹಣೆ ಕೇಳಿಲ್ಲ.

ಯಾರಾದರೂ ಬಂದು ಬಾದಾಮಿ ಎಣ್ಣೆಗೆ ರಂಧ್ರ ಕಟ್ಟುವ ಅಂಕ 2, ಅದಕ್ಕೇ ಹೀಗೆ ಅಂತಾರೆ. ಆ 0ಯಿಂದ 5ರವರೆಗಿನ ಅಂಕಗಳನ್ನು ಜಾಸ್ತಿ ನಂಬಬೇಡಿ. ಅವು ಹೆಚ್ಚಾಗಿ 1970, 80ರ ದಶಕದಲ್ಲಿ ಮೊಲದ ಕಿವಿಗೆ ಹಚ್ಚಿ ನೋಡಿ ಕೊಟ್ಟಂಥವು. ಮೊಲದ ಕಿವಿ ನಮ್ಮ ಮುಖಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ.

ಮೂರು ವಿಷಯ ಹೇಳಿ. ಬಾಟಲಿಯ ಹಿಂದೆ ಪಟ್ಟಿಯಲ್ಲಿ ಮೊದಲು ಏನಿದೆ (ಜಾಸ್ತಿ ಇರುವುದನ್ನೇ ಮೊದಲು ಬರೆಯುತ್ತಾರೆ)? ಎಣ್ಣೆ ವಾಸನೆ ಹೇಗಿದೆ? ತಲೆಗೆ ಏನು ಹಚ್ಚುತ್ತೀರಿ? ಮತ್ತೆ, ಗುಳ್ಳೆ ತುರಿಸುತ್ತದಾ?

(ನಾಲ್ಕು ಆಯಿತು. ಇರಲಿ.)

ಗಡ್ಡದವ ಬರೆದದ್ದು:

ಗಂಡಸರೂ ಓದುತ್ತೇವೆ, ಗಮನದಲ್ಲಿರಲಿ. ಗಡ್ಡದ ಕೆಳಗಿನ ಹೊಟ್ಟಿಗೆ ಎರಡು ವರ್ಷದಿಂದ ಇದೇ ಎಣ್ಣೆ. ನನಗೆ ಏನೂ ಆಗಿಲ್ಲ. ಆದರೆ ನನ್ನ ತಂಗಿ ಒಂದು ದಿನ ನನ್ನ ಬಾಟಲಿ ತೆಗೆದು ಹಚ್ಚಿಕೊಂಡಳು. ಅರ್ಧ ಗಂಟೆಯಲ್ಲಿ ಕುತ್ತಿಗೆ ತುಂಬ ಕೆಂಪು ದದ್ದು, ರೆಪ್ಪೆ ಊದಿಕೊಂಡಿತು. ಅವಳಿಗೆ ಬಾದಾಮಿ ತಿಂದರೆ ಆಗಲ್ಲ ಅಂತ ಮನೆಯವರಿಗೆಲ್ಲ ಗೊತ್ತು. ತಿನ್ನುವುದಕ್ಕೆ ಆಗಲ್ಲ, ಹಚ್ಚುವುದಕ್ಕೆ ಏನು ಅಂದುಕೊಂಡಳಂತೆ. ಗೋಡಂಬಿ, ಅಕ್ರೋಟ್, ಬಾದಾಮಿ ಯಾವುದಕ್ಕಾದರೂ ಅಲರ್ಜಿ ಇದ್ದವರು ಇದರ ತಂಟೆಗೇ ಹೋಗಬೇಡಿ. ಒತ್ತಿ ತೆಗೆದ ಎಣ್ಣೆಯಲ್ಲಿ ಬೀಜದ ಪ್ರೋಟೀನ್ ಒಂಚೂರು ಉಳಿದಿರಬಹುದು. ಅಲರ್ಜಿಗೆ ಅಷ್ಟೇ ಸಾಕು.

ಉಳಿದವರು ಕೂಡ ಮೊಣಕೈ ಒಳಮಗ್ಗುಲಲ್ಲಿ ದಿನಕ್ಕೆ ಎರಡು ಸಲ, ಒಂದು ವಾರ ಹತ್ತು ದಿನ ಹಚ್ಚಿ ನೋಡಿ. ಒಂದು ದಿನ ಹಚ್ಚಿ ಏನೂ ಆಗಲಿಲ್ಲ ಅನ್ನುವುದು ಪರೀಕ್ಷೆ ಅಲ್ಲ. ಕೆಲವು ಅಲರ್ಜಿ ನಿಧಾನಕ್ಕೆ ತಲೆ ಎತ್ತುತ್ತವೆ.

ಒಣಕೆನ್ನೆ ಬರೆದದ್ದು:

ಮೂರುಹನಿ ಅವರೇ, ಬಾಟಲಿ ತಿರುಗಿಸಿ ಓದಿದೆ. ಇಷ್ಟು ದಿನ ಮುಂದಿನ ಬಾದಾಮಿ ಚಿತ್ರ ನೋಡಿದ್ದೇ ಬಂತು.

ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಾಫಿನ್. ಎರಡನೆಯದು ಯಾವುದೋ ವೆಜಿಟಬಲ್ ಆಯಿಲ್. ಬಾದಾಮಿ ಎಣ್ಣೆ ನಾಲ್ಕನೇ ಸ್ಥಾನದಲ್ಲಿ, ಸುಗಂಧಕ್ಕಿಂತ ಒಂದು ಮೆಟ್ಟಿಲು ಮೇಲೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕೂದಲಿನ ಬಳಕೆಗೆ ಅಂತ ಬೇರೆ ಬರೆದಿದೆ! ವಾಸನೆ ಘಂ ಅನ್ನುತ್ತದೆ, ಮಿಠಾಯಿ ಡಬ್ಬ ತೆರೆದ ಹಾಗೆ. ಆ ಘಮಕ್ಕೇ ನಾನು ಇದು ಅಸಲಿ ಅಂದುಕೊಂಡಿದ್ದೆ.

ಗುಳ್ಳೆ ತುರಿಸುವುದಿಲ್ಲ.

ತಲೆಗೆ... ಇದನ್ನು ಹೇಳಲು ನಾಚಿಕೆ ಆಗುತ್ತಿದೆ. ಮುಖಕ್ಕೆ ಹಚ್ಚಿದ ಮೇಲೆ ಅಂಗೈಯಲ್ಲಿ ಉಳಿಯುತ್ತದಲ್ಲ, ಅದನ್ನು ದಂಡ ಮಾಡುವುದು ಯಾಕೆ ಅಂತ ದಿನಾ ಮುಂಗೂದಲಿಗೆ ಸವರಿಕೊಳ್ಳುತ್ತೇನೆ. ಹಣೆಯಿಂದ ಹಿಂದಕ್ಕೆ. ಎರಡು ಸಲ.

ಮೂರುಹನಿ ಬರೆದದ್ದು:

ಸಿಕ್ಕಿತು ನೋಡಿ!

ಕೂದಲಂಚಿಗೆ ಅಂಟಿಕೊಂಡು ಬರುವ ಈ ಗುಳ್ಳೆಗೆ ಚರ್ಮದ ಡಾಕ್ಟರುಗಳು 1970ರಲ್ಲೇ ಒಂದು ಹೆಸರು ಇಟ್ಟಿದ್ದಾರೆ, ಪೊಮೇಡ್ ಆಕ್ನೆ. ಪೊಮೇಡ್ ಅಂದರೆ ತಲೆಗೆ ಹಚ್ಚುವ ಜಿಡ್ಡು. ಕೂದಲಿಗೆ ಹಚ್ಚಿದ್ದು ರಾತ್ರಿಯೆಲ್ಲ ಹಣೆಗೆ ಇಳಿಯುತ್ತದೆ, ದಿಂಬಿನಿಂದ ಮತ್ತೆ ಮುಖಕ್ಕೆ ಬರುತ್ತದೆ. ನಿಮ್ಮ ಹಣೆಗೆ ಎರಡು ಕಡೆಯಿಂದ ಎಣ್ಣೆ, ಕೆನ್ನೆಗೆ ಒಂದೇ ಕಡೆಯಿಂದ. ನಾನು ನಿಮ್ಮ ಹಣೆ ನೋಡಿಲ್ಲ, ಆದರೆ ನೀವು ಹೇಳಿದ ಜಾಗ, ತುರಿಕೆ ಇಲ್ಲದ್ದು, ಆ ಅಂಗೈ, ಮೂರೂ ಕೂಡಿಬರುತ್ತವೆ. ತುರಿಸುತ್ತಿದ್ದರೆ, ಎಲ್ಲ ಗುಳ್ಳೆ ಅಚ್ಚು ಹೊಯ್ದ ಹಾಗೆ ಒಂದೇ ಅಳತೆ ಇದ್ದರೆ ಬೇರೆ ಮಾತು. ಅದು ಮಲಸೀಜಿಯಾ ಅನ್ನುವ ಯೀಸ್ಟಿನ ಕೆಲಸ ಇರಬಹುದು. ಅದು ತನಗೆ ಬೇಕಾದ ಕೊಬ್ಬನ್ನು ತಾನೇ ಮಾಡಿಕೊಳ್ಳಲಾರದು. ನಮ್ಮ ಜಿಡ್ಡು, ನಾವು ಹಚ್ಚುವ ಎಣ್ಣೆ ಅದಕ್ಕೆ ಊಟ. ಅದಕ್ಕೆ ಮೊಡವೆ ಕ್ರೀಮು ನಾಟಲ್ಲ, ಫಂಗಸ್ ಔಷಧಿಯೇ ಬೇಕು. ಅಂಥವರು ಡಾಕ್ಟರ್‌ಗೆ ತೋರಿಸಿ.

ಇನ್ನೊಂದು ತಮಾಷೆ. ನಿಮ್ಮ ಕೆನ್ನೆ ಸರಿ ಮಾಡಿದ್ದು ಹೆಚ್ಚಾಗಿ ಬಾದಾಮಿ ಅಲ್ಲ, ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ! ಬೈಯಬೇಡಿ ಅದನ್ನು. ಚೆನ್ನಾಗಿ ಶುದ್ಧ ಮಾಡಿದ ಪ್ಯಾರಾಫಿನ್ ಎಣ್ಣೆ ವಿಷ ಅಲ್ಲ. ಚರ್ಮದ ನೀರು ಹಿಡಿದಿಡುವುದರಲ್ಲಿ ಅದು ಗಟ್ಟಿಗ, ಅದಕ್ಕೆ ಅಲರ್ಜಿ ಆಗುವುದೂ ಅಪರೂಪ. ನನ್ನ ತಕರಾರು ಇಷ್ಟೇ. ಬಾದಾಮಿ ಅಂತ ಕೊಂಡು ಪ್ಯಾರಾಫಿನ್ ಹಚ್ಚಬಾರದು, ತಲೆಗೆ ಅಂತ ಮಾಡಿದ ಸುಗಂಧವನ್ನು ರಾತ್ರಿಯೆಲ್ಲ ಮುಖದ ಮೇಲೆ ಇಟ್ಟುಕೊಳ್ಳಬಾರದು.

ಅಸಲಿ ಎಣ್ಣೆಗೆ ವಾಸನೆಯೇ ಇಲ್ಲ ಅನ್ನುವಷ್ಟು ಕಡಿಮೆ. ಮೂಗಿನ ಹತ್ತಿರ ಹಿಡಿದರೆ ಹಸಿ ಬೀಜ ಅಗಿದ ಹಾಗೆ ಸಣ್ಣಗೆ ಬರುತ್ತದೆ, ಅಷ್ಟೇ. ಬಣ್ಣ ತೆಳು ಹಳದಿ. ನಾವು ಬಾದಾಮಿ ಘಮ ಅಂದುಕೊಂಡಿದ್ದೇವಲ್ಲ, ಅದು ಬೆಂಜಾಲ್ಡಿಹೈಡ್ ಅನ್ನುವ ವಸ್ತುವಿನದು. ಕಹಿ ಬಾದಾಮಿಯನ್ನು ಜಜ್ಜಿ ನೀರು ಸೇರಿಸಿದರೆ ಅದರಲ್ಲಿರುವ ಅಮಿಗ್ಡಾಲಿನ್ ಒಡೆದು ಈ ಘಮ ಹುಟ್ಟುತ್ತದೆ. ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹುಟ್ಟುತ್ತದೆ! ಕಹಿ ಬಾದಾಮಿಯ ಸುಗಂಧ ತೈಲ ಅಂತ ಸಣ್ಣ ಸೀಸೆಯಲ್ಲಿ ಬರುವುದು ಬೇರೆಯೇ ವಸ್ತು, ಅದನ್ನು ಮುಖಕ್ಕೆ ತರಲೇಬೇಡಿ. ನಮಗೆ ಬೇಕಾದದ್ದು ಸಿಹಿ ಬಾದಾಮಿಯದು. ಪಟ್ಟಿಯಲ್ಲಿ ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಆಯಿಲ್ ಅಂತ ಒಂದೇ ಹೆಸರು ಇರಬೇಕು. ಡಲ್ಸಿಸ್ ಅಂದರೆ ಸಿಹಿ. ಪಕ್ಕದಲ್ಲಿ ವಿಟಮಿನ್ ಇ ಇದ್ದರೆ ಪರವಾಗಿಲ್ಲ. ಎಣ್ಣೆ ಬೇಗ ಕೆಡದ ಹಾಗೆ ಅದು ಕಾಯುತ್ತದೆ.

ಸಣ್ಣ ಬಾಟಲಿ ತೆಗೆದುಕೊಳ್ಳಿ, ಕಪ್ಪು ಗಾಜಿನದು. ತೆರೆದ ದಿನಾಂಕ ಪೆನ್ನಿನಲ್ಲಿ ಬರೆಯಿರಿ. ಬಚ್ಚಲಲ್ಲಿ ಇಡಬೇಡಿ, ಬಿಸಿಗೆ ಬೇಗ ಕೆಡುತ್ತದೆ. ಕೆಟ್ಟ ಎಣ್ಣೆ ಹಳೆ ಮೇಣದ ಬಣ್ಣದ ಕಡ್ಡಿಯ ಹಾಗೆ ನಾರುತ್ತದೆ. ಒಂದು ಸಲ ಮೂಸಿದರೆ ಜನ್ಮಕ್ಕೂ ಮರೆಯಲ್ಲ.

ಕಣ್ಣಿನ ಕೆಳಗಿನ ಕಪ್ಪಿಗೆ ಬರುತ್ತೇನೆ. ಕಿಟಕಿಯ ಎದುರು ನಿಂತು ಕನ್ನಡಿ ಹಿಡಿದು ಗದ್ದ ಮೇಲಕ್ಕೆತ್ತಿ. ಕಪ್ಪು ಮಾಯ ಆಯಿತಾ? ಹಾಗಾದರೆ ಅದು ಬಣ್ಣ ಅಲ್ಲ, ಗುಳಿಯ ನೆರಳು. ನೆರಳಿಗೆ ಯಾವ ಎಣ್ಣೆ ಹಚ್ಚುತ್ತೀರಿ? ಹೋಗಲಿಲ್ಲ, ಕಂದು ಬಣ್ಣ ಅಂದರೆ ಚರ್ಮದಲ್ಲೇ ಬಣ್ಣ ಇದೆ. ನೀಲಿ ನೀಲಿ ಇದ್ದರೆ ತೆಳು ಚರ್ಮದ ಕೆಳಗಿನ ರಕ್ತನಾಳ. ಬಾದಾಮಿ ಎಣ್ಣೆ ಇದರಲ್ಲಿ ಯಾವುದನ್ನೂ ತೊಳೆಯಲ್ಲ. ಒಣಗಿ ಬಿದ್ದ ಸಣ್ಣ ಗೆರೆಗಳು ತುಂಬಿಕೊಂಡು ಬೆಳಿಗ್ಗೆ ಸ್ವಲ್ಪ ಹೊಳಪು ಕಾಣುತ್ತದೆ. ಜನ ಅದನ್ನೇ ಕಪ್ಪು ಹೋಯಿತು ಅಂತಾರೆ. ಅಲ್ಲಿ ಹಚ್ಚುವುದಾದರೆ ಬೆರಳ ತುದಿಯಲ್ಲಿ ಉಳಿದದ್ದು ಸಾಕು. ನನಗೆ ಜಾಸ್ತಿ ಹಚ್ಚಿದ ಕಾಲದಲ್ಲಿ ಎಡಗಣ್ಣಿನ ಕೆಳಗೆ ಸಾಸಿವೆಗಿಂತ ಸಣ್ಣ ಬಿಳಿ ಕಾಳು ಎರಡು ಎದ್ದಿದ್ದವು. ಸೂಜಿ ಹಿಡಿದು ಕೂತಿದ್ದೆ, ಪುಣ್ಯಕ್ಕೆ ಫೋನ್ ಬಂತು.

ಬೆಳ್ಳಿಗೆಜ್ಜೆ ಬರೆದದ್ದು:

ಹಾಗಾದರೆ ನನ್ನ ಗುಳ್ಳೆ ಹೋಗಿದ್ದು ಹೇಗೆ ಸ್ವಾಮಿ? ಎಣ್ಣೆ ಬಿಡದೆಯೇ ಹೋಯಿತಲ್ಲ. ಬಾದಾಮಿಯಿಂದ ಸುಕ್ಕು ಕಡಿಮೆ ಆಗುತ್ತದೆ ಅಂತ ಸಂಶೋಧನೆಯೂ ಆಗಿದೆ, ನಾನು ಓದಿದ್ದೇನೆ.

ಮೂರುಹನಿ ಬರೆದದ್ದು:

ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಆ ಎರಡು ತಿಂಗಳಲ್ಲಿ ಶಾಂಪೂ ಬದಲಾಯಿಸಿದಿರಾ, ಹವೆ ಬದಲಾಯಿತಾ, ಹನಿ ಕಡಿಮೆ ಮಾಡಿದಿರಾ? ಗುಳ್ಳೆ ತಾನಾಗೂ ಹೋಗುತ್ತವೆ. ನಿಮಗೆ ಹೋಯಿತು, ಸಂತೋಷ. ಅವರಿಗೆ ಎರಡು ತಿಂಗಳು ಕಾಯಿರಿ ಅನ್ನಲು ನನಗೆ ಧೈರ್ಯ ಬರಲ್ಲ.

ಸಂಶೋಧನೆ ಆಗಿದ್ದು ನಿಜ. 2019ರಲ್ಲಿ ಪ್ರಕಟವಾದ ಒಂದರಲ್ಲಿ 28 ಮಹಿಳೆಯರು 16 ವಾರ ಭಾಗವಹಿಸಿದ್ದರು. ಎಲ್ಲರೂ ಮುಟ್ಟು ನಿಂತವರು. ಅದರಲ್ಲಿ ಸುಕ್ಕು ಸ್ವಲ್ಪ ಕಡಿಮೆಯಾದದ್ದು ಬಾದಾಮಿ ತಿಂದವರಿಗೆ. ತಿಂದವರಿಗೆ ಕಣ್ರೀ, ಹಚ್ಚಿದವರಿಗಲ್ಲ! ಹಣ ಕೊಟ್ಟದ್ದು ಬಾದಾಮಿ ಬೆಳೆಗಾರರ ಮಂಡಳಿ. ಸುಳ್ಳು ಅನ್ನುತ್ತಿಲ್ಲ. ಆದರೆ ಅದನ್ನು ಎಣ್ಣೆ ಬಾಟಲಿಗೆ ಅಂಟಿಸಬೇಡಿ.

ಒಣಕೆನ್ನೆ ಬರೆದದ್ದು (ನಾಲ್ಕು ವಾರದ ಮೇಲೆ):

ಎಲ್ಲರೂ ಮರೆತಿರುತ್ತೀರಿ. ನಾನು ಮರೆತಿಲ್ಲ.

ಮುಂಗೂದಲಿಗೆ ಸವರುವುದು ಬಿಟ್ಟೆ. ಕೂದಲನ್ನು ಹಿಂದಕ್ಕೆ ಕಟ್ಟಿ ಮಲಗುತ್ತೇನೆ. ದಿಂಬಿನ ಕವರ್ ವಾರಕ್ಕೆ ಎರಡು ಸಲ ಬದಲಾಯಿಸುತ್ತೇನೆ. ಹಳೆ ಕವರ್ ಬಿಸಿ ನೀರಿಗೆ ಹಾಕಿದಾಗ ಮೇಲೆ ತೇಲಿದ ಜಿಡ್ಡು ನೋಡಿ ಗಾಬರಿ ಆಯಿತು. ಮೊದಲ ಹತ್ತು ದಿನ ಹಣೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಮೂರನೇ ವಾರದಿಂದ ಕಡಿಮೆ ಆಗುತ್ತಾ ಬಂತು. ಈಗ ಬಲಗಡೆ ಪೂರ್ತಿ ನಯ. ಎಡಗಡೆ, ನಾನು ಮಗ್ಗುಲಾಗಿ ಮಲಗುವ ಕಡೆ, ಇನ್ನೂ ಒಂದಿಷ್ಟು ಇವೆ.

ಹೊಸ ಎಣ್ಣೆ ತಂದೆ. ಪಟ್ಟಿಯಲ್ಲಿ ಒಂದೇ ಹೆಸರು. ಮೂಸಿ ನೋಡಿದರೆ ಏನೂ ಇಲ್ಲ, ನಿಜ ಹೇಳಬೇಕೆಂದರೆ ಬೇಜಾರಾಯಿತು. ಮೊಣಕೈಯಲ್ಲಿ ಹತ್ತು ದಿನ ನೋಡಿ, ಈಗ ಒದ್ದೆ ಕೆನ್ನೆಗೆ ಮೂರು ಹನಿ. ಪ್ಯಾರಾಫಿನ್‌ನಷ್ಟು ಜಾರುವುದಿಲ್ಲ, ಆದರೆ ಬೆಳಿಗ್ಗೆ ಮುಖ ಜಿಡ್ಡು ಜಿಡ್ಡು ಇರುವುದಿಲ್ಲ.

ಒಂದು ದಿನ ಬೆಳಿಗ್ಗೆಯೂ ಹಚ್ಚಿ ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿದೆ. ಕೆನ್ನೆ ಮೇಲೆ ರಬ್ಬರಿನಿಂದ ಅಳಿಸಿದಾಗ ಬರುವ ಹೊಟ್ಟಿನ ಹಾಗೆ ಉಂಡೆ ಉಂಡೆ ಎದ್ದು ಬಂತು. ಹಾಗಾಗುತ್ತದಾ?

ಮೂರುಹನಿ ಬರೆದದ್ದು:

ಆಗುತ್ತದೆ. ಸನ್‌ಸ್ಕ್ರೀನ್ ಚರ್ಮದ ಮೇಲೆ ಒಂದೇ ಸಮ ಪದರವಾಗಿ ಕೂತರೆ ಮಾತ್ರ ಕೆಲಸ. ಕೆಳಗೆ ಎಣ್ಣೆ ಇದ್ದರೆ ಜಾರುತ್ತದೆ. ಎಣ್ಣೆಯನ್ನು ರಾತ್ರಿಗೇ ಬಿಡಿ. ಬಾದಾಮಿ ಎಣ್ಣೆಯೇ ಬಿಸಿಲು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬದಲಿಗೆ ಸಂಜೆ ಸನ್‌ಸ್ಕ್ರೀನ್ ತೆಗೆಯಲು ಬಳಸಿ. ಒಣ ಮುಖಕ್ಕೆ ನಾಲ್ಕು ಹನಿ, ಒಂದು ನಿಮಿಷ ಮೆಲ್ಲಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮಾಮೂಲಿ ಫೇಸ್‌ವಾಶ್. ಎಡಗಡೆಗೆ ಇನ್ನೆರಡು ವಾರ ಕೊಡಿ. ಹೋಗಲಿಲ್ಲ ಅಂದರೆ ಡಾಕ್ಟರ್‌ಗೆ ತೋರಿಸಿ.

ಗಡ್ಡದವ ಬರೆದದ್ದು:

ಆ ಹಳೆ ಬಾಟಲಿ ಏನಾಯಿತು?

ಒಣಕೆನ್ನೆ ಬರೆದದ್ದು:

ಬಚ್ಚಲ ಬಾಗಿಲಿನ ತಿರುಗಣೆಗೆ ಹಾಕಿದೆ. ಎರಡು ವರ್ಷದಿಂದ ಕಿರ್ ಅನ್ನುತ್ತಿದ್ದದ್ದು ನಿಂತಿದೆ. ಬಾಗಿಲು ತೆಗೆದಾಗೆಲ್ಲ ಮಿಠಾಯಿ ಘಮ ಬರುತ್ತದೆ.